‘ರೋಡ್’ ನಿಲ್ದಾಣಗಳಿಗೆ ಬೇಕಾದ ದಾರಿ

ವಿಜಯಪುರ ಜಿಲ್ಲೆಯ ರೈಲ್ವೆ ವೇಳಾಪಟ್ಟಿಯಲ್ಲಿ ಎರಡು ಹೆಸರುಗಳು ಗಮನ ಸೆಳೆಯುತ್ತವೆ: ಇಂಡಿ ರೋಡ್ ಮತ್ತು ಬಸವನ ಬಾಗೇವಾಡಿ ರೋಡ್. ಊರಿನ ಹೆಸರಿನ ಕೊನೆಗೆ ‘ರೋಡ್’ ಎಂಬ ಪದ ಅಂಟಿಕೊಂಡರೆ ರೈಲ್ವೆಯ ರೂಢಿಯಲ್ಲಿ ಅದಕ್ಕೊಂದು ನಿಶ್ಚಿತ ಅರ್ಥವಿದೆ. ಹಳಿ ಆ ಊರನ್ನು ಮುಟ್ಟುವುದಿಲ್ಲ. ಇಲ್ಲಿ ಇಳಿದವರು ರಸ್ತೆ ಹಿಡಿದು ಊರು ಸೇರಬೇಕು. ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣವನ್ನು ಬಲ್ಲ ಮಲೆನಾಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಗೇವಾಡಿಯ ನಿಲ್ದಾಣ ನಿಜವಾಗಿ ಇರುವುದು ತೆಲಗಿ ಗ್ರಾಮದ ಬಳಿ. ಇಂಡಿಯ ನಿಲ್ದಾಣವೂ ಪಟ್ಟಣದಿಂದ ದೂರದಲ್ಲಿ, ಹೊಲಗಳ ನಡುವೆ ನಿಂತಿದೆ. ಇದೇ ಜಿಲ್ಲೆಯ ಸಿಂದಗಿ ಮತ್ತು ಮುದ್ದೇಬಿಹಾಳ ಪಟ್ಟಣಗಳಿಗಂತೂ ರೈಲು ಹಳಿಯೇ ಇಲ್ಲ.

ಹಳೆಯ ನಿಲ್ದಾಣಗಳ ಪುನರುಜ್ಜೀವನದ ಮಾತು ಇಂದು ದೇಶದೆಲ್ಲೆಡೆ ಕೇಳಿಬರುತ್ತಿದೆ. ಕೋಟ್ಯಂತರ ರೂಪಾಯಿಗಳ ಯೋಜನೆಗಳು, ಗಣಕಯಂತ್ರದಲ್ಲಿ ಬಿಡಿಸಿದ ಭವ್ಯ ಮುಂಭಾಗದ ಚಿತ್ರಗಳು, ಶಂಕುಸ್ಥಾಪನೆಯ ಫಲಕಗಳು ಒಂದರ ಹಿಂದೊಂದು ಬರುತ್ತಿವೆ. ಈ ಸಂದರ್ಭದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. ನಿಲ್ದಾಣವೆಂದರೆ ಕಟ್ಟಡವೋ, ಸಂಪರ್ಕವೋ? ಗೋಡೆಗೆ ಹೊಸ ಬಣ್ಣ ಬಂದರೂ ರೈಲಿನಿಂದಿಳಿದ ಹೆಣ್ಣುಮಗಳಿಗೆ ಊರು ಸೇರಲು ಬಸ್ಸಿಲ್ಲದಿದ್ದರೆ ಆ ನಿಲ್ದಾಣಕ್ಕೆ ಜೀವ ಬಂದಿದೆಯೆಂದು ಹೇಳಲಾಗದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನೆಲದಲ್ಲಿ ನಿಂತು ನೋಡಿದರೆ ಈ ಪ್ರಶ್ನೆಯ ಉತ್ತರ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಬರಗಾಲದ ಕೂಸು

ಈ ಹಳಿಯ ಹುಟ್ಟಿಗೆ ಕಾರಣ ಹಸಿವು. 1876–78ರ ಭೀಕರ ಬರಗಾಲದಲ್ಲಿ ಬೊಂಬಾಯಿ ಪ್ರಾಂತ್ಯದ ಅತ್ಯಂತ ಹೆಚ್ಚು ಬಾಧಿತ ಪ್ರದೇಶಗಳಲ್ಲಿ ಆಗಿನ ಕಲಾದಗಿ ಜಿಲ್ಲೆಯೂ ಒಂದು. ಇಂದಿನ ವಿಜಯಪುರ, ಬಾಗಲಕೋಟೆಗಳ ಬಹುಭಾಗ ಆ ಜಿಲ್ಲೆಯಲ್ಲಿತ್ತು. 1872ರ ಮತ್ತು 1881ರ ಜನಗಣತಿಗಳ ನಡುವೆ ಅಲ್ಲಿಯ ಜನಸಂಖ್ಯೆ ಐದನೇ ಒಂದು ಭಾಗಕ್ಕೂ ಮಿಕ್ಕಿ ಕುಸಿದಿತ್ತು. ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ. ಬರ ಬಂದಾಗ ಧಾನ್ಯ ಸಾಗಿಸಲು ರೈಲುಮಾರ್ಗಗಳು ಬೇಕೆಂದು 1880ರ ಕ್ಷಾಮ ಆಯೋಗ ಶಿಫಾರಸು ಮಾಡಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. ಸೊಲ್ಲಾಪುರದ ಸಮೀಪದ ಹೋಟಗಿಯಿಂದ ಬಿಜಾಪುರ, ಬಾಗಲಕೋಟೆ, ಬಾದಾಮಿಗಳ ಮೂಲಕ ಗದಗಿಗೆ ಹಾಸಿದ ಮೀಟರ್ ಗೇಜ್ ಹಳಿ 1884ರಲ್ಲಿ ಸಂಚಾರಕ್ಕೆ ತೆರೆದುಕೊಂಡಿತು. ಅದರ ಬೆನ್ನಲ್ಲೇ ಜಿಲ್ಲಾ ಕೇಂದ್ರವೂ ಕಲಾದಗಿಯಿಂದ ಬಿಜಾಪುರಕ್ಕೆ ಬಂದಿತು.

ಬರ ನಿವಾರಣೆಗೆಂದು ಬಂದ ಹಳಿಗೆ ಎರಡು ಮುಖಗಳಿದ್ದವು. ಕೊರತೆಯ ಕಾಲದಲ್ಲಿ ಧಾನ್ಯವನ್ನು ಒಳಗೆ ತರಬಲ್ಲ ಹಳಿ, ಬೆಲೆ ಏರಿದ ಕಾಲದಲ್ಲಿ ಅದೇ ಧಾನ್ಯವನ್ನೂ ಹತ್ತಿಯನ್ನೂ ಹೊರಗೆ ಒಯ್ಯಬಲ್ಲದಾಗಿತ್ತು. ಆ ಕಾಲದ ಭಾರತೀಯ ಅರ್ಥಚಿಂತಕರು ರೈಲ್ವೆಯ ಬಗೆಗೆ ಎತ್ತಿದ ಆಕ್ಷೇಪಗಳಲ್ಲಿ ಇದೂ ಒಂದು. ಆದುದರಿಂದಲೇ ಹಳಿಯನ್ನು ಊರಿಗೆ ಹತ್ತಿರವಾಗಿ ಎಳೆಯಬೇಕೆಂಬ ಒತ್ತಾಯ ಕಂಪನಿಗಿರಲಿಲ್ಲ. ಕಡಿಮೆ ಖರ್ಚಿನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ತಲುಪುವ ನೇರದಾರಿ ಅದಕ್ಕೆ ಬೇಕಾಗಿತ್ತು. ‘ರೋಡ್’ ನಿಲ್ದಾಣಗಳು ಅಂದಿನ ಆ ಲೆಕ್ಕಾಚಾರದ ಶಿಶುಗಳು. ಊರು ಮತ್ತು ನಿಲ್ದಾಣಗಳ ನಡುವಿನ ಆ ಅಂತರವನ್ನು ಸ್ವತಂತ್ರ ಭಾರತದ ಆಡಳಿತವೂ ತುಂಬಲಿಲ್ಲ.

ಒಡೆತನ ಮಾತ್ರ ಹಲವು ಕೈಗಳನ್ನು ದಾಟಿತು. 1908ರಲ್ಲಿ ಮದ್ರಾಸ್ ರೈಲ್ವೆಯೊಡನೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಾದ ಈ ಜಾಲ, 1951ರಲ್ಲಿ ದಕ್ಷಿಣ ರೈಲ್ವೆಯ ಭಾಗವಾಯಿತು. ಮುಂದೆ ದಕ್ಷಿಣ ಮಧ್ಯ ರೈಲ್ವೆಯ ಕೈಗೆ ಹೋದ ಈ ಮಾರ್ಗ, 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ಹುಟ್ಟಿದ ನೈಋತ್ಯ ರೈಲ್ವೆಗೆ ಸೇರಿತು. ಈ ಶತಮಾನದ ಮೊದಲ ದಶಕದಲ್ಲಿ ಒಂದು ಮೀಟರ್ ಅಗಲದ ಹಳಿ ಕಿತ್ತು, 1,676 ಮಿಲಿಮೀಟರ್ ಅಗಲದ ಬ್ರಾಡ್ ಗೇಜ್ ಹಳಿ ಬಂದಿತು. ಅದರಿಂದ ಮೈಸೂರು, ಬೆಂಗಳೂರುಗಳಿಂದ ನೇರವಾಗಿ ರೈಲುಗಳು ಬರುವಂತಾಯಿತು. ಗೋಲಗುಂಬಜ್ ಮತ್ತು ಬಸವ ಎಕ್ಸ್‌ಪ್ರೆಸ್‌ಗಳು ಈ ನೆಲದ ಹೆಸರನ್ನೇ ಹೊತ್ತು ಓಡಾಡುತ್ತಿವೆ.

ಕಲ್ಲಿದ್ದಲಿಗೆ ದೊರೆತ ಆದ್ಯತೆ

ಇತ್ತೀಚಿನ ದೊಡ್ಡ ಬದಲಾವಣೆಯೆಂದರೆ ಹೋಟಗಿ–ಕೂಡಗಿ–ಗದಗ ನಡುವಿನ 284 ಕಿ.ಮೀ. ಜೋಡಿಹಳಿ ಯೋಜನೆ. ಇದರ ಹಿಂದಿನ ಪ್ರಬಲ ಪ್ರೇರಣೆ ಪ್ರಯಾಣಿಕರಿಂದ ಬಂದುದಲ್ಲ. ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ, ರೈತರ ತೀವ್ರ ವಿರೋಧದ ನಡುವೆ, ಎನ್‌ಟಿಪಿಸಿಯ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಎದ್ದು ನಿಂತಿತು. ತಲಾ 800 ಮೆಗಾವಾಟ್‌ನ ಮೂರು ಘಟಕಗಳು, ಒಟ್ಟು 2,400 ಮೆಗಾವಾಟ್. ಆ ಕುಲುಮೆಗಳಿಗೆ ಕಲ್ಲಿದ್ದಲು ತರಲು ಒಂಟಿ ಹಳಿ ಸಾಲದೆಂದು ಹೋಟಗಿ–ಕೂಡಗಿ ಭಾಗದ ಜೋಡಿಹಳಿಗೆ ಎನ್‌ಟಿಪಿಸಿಯೇ ಹಣ ನೀಡಿತು.

ಜೋಡಿಹಳಿಯನ್ನಾಗಲಿ, ಅದರೊಡನೆ ಬಂದ ವಿದ್ಯುದೀಕರಣವನ್ನಾಗಲಿ ವಿರೋಧಿಸಲು ಕಾರಣವಿಲ್ಲ. ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಉರುಳುವಾಗ ಆಗುವ ಘರ್ಷಣೆ, ರಬ್ಬರ್ ಟೈರು ಡಾಂಬರಿನ ಮೇಲೆ ಉರುಳುವಾಗ ಆಗುವ ಘರ್ಷಣೆಗಿಂತ ಎಷ್ಟೋ ಪಾಲು ಕಡಿಮೆ. ಒಬ್ಬ ಪ್ರಯಾಣಿಕನನ್ನು ಒಂದು ಕಿಲೋಮೀಟರ್ ಸಾಗಿಸಲು ರೈಲಿಗೆ ತಗಲುವ ಇಂಧನ, ಕಾರು ಜೀಪುಗಳಿಗೆ ತಗಲುವುದರ ಒಂದು ಸಣ್ಣ ಅಂಶ ಮಾತ್ರ. ಪರಿಸರದ ದೃಷ್ಟಿಯಿಂದ ರೈಲಿಗಿಂತ ಮೇಲಾದ ದೂರಸಂಚಾರದ ಸಾಧನ ಸಾಮಾನ್ಯ ಜನರಿಗೆ ಇನ್ನೊಂದಿಲ್ಲ. ವಿಪರ್ಯಾಸವಿರುವುದು ಬೇರೆಡೆ. ಕಲ್ಲಿದ್ದಲಿಗೆ ಗಣಿಯಿಂದ ಕುಲುಮೆಯ ಬಾಯಿಯವರೆಗೆ ಅಖಂಡ ಸಾಗಾಟದ ವ್ಯವಸ್ಥೆಯಾಯಿತು; ಕೊನೆಯ ಒಂದು ಕಿಲೋಮೀಟರಿಗೂ ಹಳಿ ಬಂದಿತು. ಅದೇ ಹಳಿಯ ಮೇಲೆ ಬರುವ ಮನುಷ್ಯನ ಕೊನೆಯ ಹಾದಿಯನ್ನು ಮಾತ್ರ ಯಾರೂ ಯೋಜಿಸಲಿಲ್ಲ.

ಯಾರ ನಿಲ್ದಾಣ?

ಈ ನಾಲ್ಕು ತಾಲ್ಲೂಕುಗಳಿಂದ ರೈಲು ಹತ್ತುವವರು ಯಾರೆಂಬುದನ್ನು ಗಮನಿಸಬೇಕು. ಮಳೆ ಕೈಕೊಟ್ಟ ವರ್ಷ ಗುಳೆ ಹೊರಡುವ ಕುಟುಂಬಗಳು ಅವರಲ್ಲಿ ಮುಖ್ಯರು. ಇಲ್ಲಿಂದ ಗೋವೆಗೆ, ಮಹಾರಾಷ್ಟ್ರದ ಪಟ್ಟಣಗಳಿಗೆ, ಬೆಂಗಳೂರಿಗೆ, ಮಂಗಳೂರು ಉಡುಪಿಗಳಿಗೆ ಕಟ್ಟಡ ಕೆಲಸ, ರಸ್ತೆ ಕೆಲಸ ಹುಡುಕಿ ಹೋಗುವವರ ಸಾಲು ದೀರ್ಘವಾದುದು. 2019ರ ನವೆಂಬರಿನಲ್ಲಿ ಆರಂಭವಾದ ವಿಜಯಪುರ–ಮಂಗಳೂರು ರೈಲು ಹುಬ್ಬಳ್ಳಿ, ಹಾಸನಗಳ ಮೇಲೆ ಹಾದು, ಸಕಲೇಶಪುರದ ಘಟ್ಟವಿಳಿದು ಕರಾವಳಿ ಸೇರುತ್ತದೆ. ಬಯಲುಸೀಮೆಯ ಎರೆಭೂಮಿಯಲ್ಲಿ ಬೆಳೆ ಒಣಗಿದರೆ ಅದರ ಪರಿಣಾಮ ಘಟ್ಟದ ಕೆಳಗಿನ ಊರುಗಳ ಕೂಲಿಕಟ್ಟೆಯಲ್ಲಿ ಕಾಣುತ್ತದೆ. ಮಲೆನಾಡಿನಲ್ಲಿ ಹುಟ್ಟುವ ಕೃಷ್ಣೆಯ ಉಪನದಿಗಳು ಆ ಬಯಲಿನೆಡೆಗೆ ಹರಿಯುತ್ತವೆ; ಆ ಬಯಲಿನ ಶ್ರಮ ಈ ರೈಲಿನಲ್ಲಿ ಕುಳಿತು ಮಲೆನಾಡಿಗೂ ಕರಾವಳಿಗೂ ಬರುತ್ತದೆ. ಆದುದರಿಂದ ಇಂಡಿ ರೋಡಿನ ಸಮಸ್ಯೆಯನ್ನು ದೂರದ ಊರಿನ ಸಮಸ್ಯೆಯೆಂದು ಗುಡ್ಡಗಾಡಿನವರು ಬದಿಗೆ ಸರಿಸಲಾಗದು.

ಎರಡನೆಯವರು ಯಾತ್ರಿಕರು. ಬಸವಣ್ಣನವರ ಜನ್ಮಸ್ಥಳವಾದ ಬಾಗೇವಾಡಿ, ಸಿದ್ಧಲಿಂಗ ಮಹಾರಾಜರ ಮಠವಿರುವ ಲಚ್ಯಾಣ, ತತ್ತ್ವಜ್ಞಾನಿ ಗುರುದೇವ ರಾನಡೆಯವರು 1957ರಲ್ಲಿ ದೇಹವಿಟ್ಟ ನಿಂಬಾಳ, ಮುಂದೆ ಕೂಡಲಸಂಗಮ. ಇವೆಲ್ಲವೂ ಈ ಹಳಿಯ ಇಕ್ಕೆಲಗಳಲ್ಲಿರುವ ತಾಣಗಳು. ಮೂರನೆಯವರು ವಿಜಯಪುರ, ಬಾಗಲಕೋಟೆ, ಸೊಲ್ಲಾಪುರಗಳ ಕಾಲೇಜು ಮತ್ತು ಆಸ್ಪತ್ರೆಗಳಿಗೆ ಹೋಗಿಬರುವವರು. ಇವರಾರೂ ಸ್ವಂತ ಕಾರಿನಲ್ಲಿ ನಿಲ್ದಾಣಕ್ಕೆ ಬರುವವರಲ್ಲ. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು, ಕೈಯಲ್ಲೊಂದು ಕೊಡ ಹಿಡಿದು ಬರುವ ಇಂಥ ಪ್ರಯಾಣಿಕನಿಗೆ ಬೇಕಾದ ನಿಲ್ದಾಣದ ಸ್ವರೂಪವೇ ಬೇರೆ. ಗಾಜಿನ ಮುಂಭಾಗವಿಲ್ಲದೆ ಆತನ ಪಯಣ ನಡೆದೀತು. ನೆರಳು, ನೀರು, ಶೌಚಾಲಯ, ದೀಪ ಮತ್ತು ಮುಂದಿನ ಬಸ್ಸು ಇಲ್ಲದೆ ನಡೆಯದು.

ಅಮೃತ ಭಾರತದ ಪಟ್ಟಿ

ಅಮೃತ ಭಾರತ್ ನಿಲ್ದಾಣ ಯೋಜನೆ 2022ರ ಕೊನೆಯಲ್ಲಿ ರೂಪುಗೊಂಡಿತು. ಕರ್ನಾಟಕದ ಐವತ್ತಕ್ಕೂ ಹೆಚ್ಚು ನಿಲ್ದಾಣಗಳು ಅದರಲ್ಲಿವೆ. ಈ ಮಾರ್ಗದ ವಿಜಯಪುರ, ಆಲಮಟ್ಟಿ, ಬಾಗಲಕೋಟೆ, ಬಾದಾಮಿ, ಗದಗಗಳೂ ಅಲ್ಲಿ ಸೇರಿವೆ. 2025ರ ಮೇ 22ರಂದು ದೇಶದಲ್ಲಿ ಏಕಕಾಲಕ್ಕೆ ಉದ್ಘಾಟನೆಯಾದ 103 ನಿಲ್ದಾಣಗಳಲ್ಲಿ ಬಾಗಲಕೋಟೆ, ಗದಗ, ಧಾರವಾಡ, ಗೋಕಾಕ ರೋಡ್ ಮತ್ತು ಮುನಿರಾಬಾದ್ ಇದ್ದವು. ಇಂಡಿ ರೋಡ್ ಮತ್ತು ಬಸವನ ಬಾಗೇವಾಡಿ ರೋಡ್‌ಗಳು ಮಾತ್ರ ಯೋಜನೆಯ ಮೂಲಪಟ್ಟಿಯಲ್ಲಿ ಸ್ಥಾನ ಪಡೆಯಲಿಲ್ಲ.

ಪಟ್ಟಿಯಲ್ಲಿಲ್ಲದಿರುವುದು ಒಂದು ನಷ್ಟ. ಒಂದು ಅವಕಾಶವೂ ಹೌದು. ದೊಡ್ಡ ಮೊತ್ತ ಬಂದೆಡೆ ಗುತ್ತಿಗೆಯ ಅವಸರದಲ್ಲಿ ಹಳೆಯ ಗೋಡೆಗಳ ಮೇಲೆ ಲೋಹದ ಹಾಳೆಗಳು ಏರುತ್ತವೆ, ಗಿಡಮರಗಳಿದ್ದ ಅಂಗಳ ವಾಹನ ನಿಲುಗಡೆಯ ಕಾಂಕ್ರೀಟು ನೆಲವಾಗುತ್ತದೆ. ಸಣ್ಣ ನಿಲ್ದಾಣದಲ್ಲಿ ಆ ಅವಸರವಿಲ್ಲ. ಅಲ್ಲಿ ಮೊದಲು ಕೆಲಸದ ಕ್ರಮವನ್ನು ನಿರ್ಧರಿಸಿ, ನಂತರ ಹಣ ಹುಡುಕಬಹುದು.

ರಾಜ್ಯದಲ್ಲಿಯೇ ಎರಡು ಪಾಠಗಳು ಕಣ್ಣೆದುರಿಗಿವೆ, ಎರಡೂ ಒಂದೇ ಮಾರ್ಗದಲ್ಲಿ. ಬೆಂಗಳೂರು–ಚಿಕ್ಕಬಳ್ಳಾಪುರ ಹಳಿ 1915ರಲ್ಲಿ ನ್ಯಾರೋ ಗೇಜ್ ಲಘು ರೈಲ್ವೆಯಾಗಿ ಆರಂಭವಾದುದು. ಅಲ್ಲಿಯ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ನಿಲ್ದಾಣಗಳ ಹಳೆಯ ಕಟ್ಟಡಗಳನ್ನು ಉಳಿಸುವ ಕಾರ್ಯಕ್ಕೆ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ಕೈಹಾಕಿತು. ಪಾಳುಬಿದ್ದ ಗೋಡೆಗಳನ್ನೂ ಸರಿಯಾದ ಕ್ರಮದಲ್ಲಿ ದುರಸ್ತಿ ಮಾಡಬಹುದೆಂಬುದು ಮೊದಲ ಪಾಠ. ಅದೇ ಹಳಿಯ ಮೇಲೆ 2021ರ ಜನವರಿಯಲ್ಲಿ ವಿಮಾನ ನಿಲ್ದಾಣಕ್ಕಾಗಿ ಹೊಸ ತಂಗುದಾಣವೊಂದು ತೆರೆಯಿತು. ಅಲ್ಲಿಂದ ವಿಮಾನ ನಿಲ್ದಾಣದ ಕಟ್ಟಡಕ್ಕೆ ಬಸ್ಸಿನ ಏರ್ಪಾಡೂ ಆಯಿತು. ಆದರೆ ದಿನಕ್ಕೆ ಕೆಲವೇ ರೈಲುಗಳು, ಅವುಗಳ ಹೊತ್ತು ವಿಮಾನದ ಹೊತ್ತಿಗೆ ಹೊಂದದೆ ಪ್ರಯಾಣಿಕರು ನಿರೀಕ್ಷೆಯಷ್ಟು ಬರಲಿಲ್ಲ. ಕಟ್ಟಡ, ಬಸ್ಸು, ರೈಲಿನ ಸಮಯ, ಈ ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ವ್ಯರ್ಥವೆಂಬುದು ಎರಡನೆಯ ಪಾಠ.

ಪರಂಪರೆಯ ಕಟ್ಟಡವೆಂದರೆ ವಸ್ತುಸಂಗ್ರಹಾಲಯವೇ ಆಗಬೇಕೆಂಬ ಭಾವನೆಯೂ ಸರಿಯಲ್ಲ. 1888ರಲ್ಲಿ ಪೂರ್ಣಗೊಂಡ ಮುಂಬಯಿಯ ಈಗಿನ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ 2004ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಂದಿಗೂ ದಿನವೂ ಲಕ್ಷಾಂತರ ಜನ ಅದರ ಮೂಲಕ ಕೆಲಸಕ್ಕೆ ಹೋಗುತ್ತಾರೆ. ನಿಲ್ದಾಣಕ್ಕೆ ನಿಲ್ದಾಣವಾಗಿ ಉಳಿಯುವುದಕ್ಕಿಂತ ಉತ್ತಮ ಸಂರಕ್ಷಣೆ ಬೇರೊಂದಿಲ್ಲ.

ಎರಡು ಊರುಗಳ ಎರಡು ವೇಳಾಪಟ್ಟಿಗಳು

ಸಮಸ್ಯೆಯ ಮೂಲ ಆಡಳಿತದ ವಿಂಗಡಣೆಯಲ್ಲಿದೆ. ಇಂಡಿ ರೋಡ್ ಮತ್ತು ಬಾಗೇವಾಡಿ ರೋಡ್‌ಗಳು ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗಕ್ಕೆ ಸೇರಿವೆ. ಹೋಟಗಿ ದಾಟಿದೊಡನೆ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗ. ವಿಜಯಪುರ ಜಿಲ್ಲೆಯ ಸರಕಾರಿ ಬಸ್ಸುಗಳು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ವಶದಲ್ಲಿವೆ. ಅದರ ಕೇಂದ್ರ ಕಚೇರಿ ಕಲಬುರಗಿಯಲ್ಲಿ. ರೈಲಿನ ಹೊತ್ತು ಹುಬ್ಬಳ್ಳಿಯಲ್ಲಿ, ಬಸ್ಸಿನ ಹೊತ್ತು ವಿಜಯಪುರ ಕಲಬುರಗಿಗಳಲ್ಲಿ ನಿಶ್ಚಯವಾಗುತ್ತದೆ. ಇವೆರಡನ್ನೂ ಒಂದೇ ಮೇಜಿನ ಮೇಲಿಟ್ಟು ಹೊಂದಿಸುವ ಹೊಣೆ ಯಾವ ಅಧಿಕಾರಿಗೂ ಇಲ್ಲ. ರೈಲು ಒಂದು ಗಂಟೆ ತಡವಾದರೆ ಬಸ್ಸು ಕಾಯಬೇಕೆಂಬ ಕಟ್ಟುಪಾಡೂ ಇಲ್ಲ. ಆ ಖಾಲಿ ಜಾಗವನ್ನು ತುಂಬುವವು ಟಂಟಂಗಳು, ಕ್ರೂಸರ್ ಜೀಪುಗಳು. ಅವುಗಳ ಚಾಲಕರನ್ನು ದೂರುವಂತಿಲ್ಲ. ಸರಕಾರ ಮಾಡದ ಕೆಲಸವನ್ನು ಅವರು ಮಾಡುತ್ತಿದ್ದಾರೆ. ಆದರೆ ರಾತ್ರಿಯ ಹೊತ್ತಿನಲ್ಲಿ ಹೆಚ್ಚು ಹಣ ತೆತ್ತು, ಮಿತಿಮೀರಿ ತುಂಬಿದ ವಾಹನದಲ್ಲಿ ಹೋಗಬೇಕಾದ ಅನಿವಾರ್ಯತೆ ಬಡವನ ಮೇಲೆಯೇ ಬೀಳುತ್ತದೆ.

ಗುಡ್ಡಗಾಡಿನ ದೇಶವಾದ ಸ್ವಿಟ್ಜರ್ಲೆಂಡ್ ಈ ಸಮಸ್ಯೆಯನ್ನು 1982ರಲ್ಲಿ ಎದುರಿಸಿದ ಬಗೆ ಗಮನಾರ್ಹ. ಇಡೀ ದೇಶದ ರೈಲುಗಳನ್ನು ನಿಯತವಾದ ಗಂಟೆ ಗಂಟೆಯ ಆವರ್ತನಕ್ಕೆ ತಂದು, ಕಣಿವೆಗಳ ಅಂಚೆ ಬಸ್ಸುಗಳನ್ನು ಆ ಹೊತ್ತಿಗೆ ಜೋಡಿಸಲಾಯಿತು. ಆ ಶ್ರೀಮಂತಿಕೆ ಇಲ್ಲಿಲ್ಲವೆನ್ನುವುದು ನಿಜ. ಆದರೆ ಆ ವ್ಯವಸ್ಥೆಯ ತಿರುಳಿಗೆ ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ಶಿಸ್ತು. ದಿನಕ್ಕೆ ನಾಲ್ಕಾರು ರೈಲು ನಿಲ್ಲುವ ನಿಲ್ದಾಣಕ್ಕೆ ನಾಲ್ಕಾರು ಬಸ್ಸುಗಳನ್ನು ಹೊಂದಿಸುವುದು ಒಂದು ಡಿಪೋದ ಮಟ್ಟದಲ್ಲಿಯೇ ಆಗಬಹುದಾದ ಕೆಲಸ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ನಿಲ್ದಾಣಕ್ಕೆ ಸರಕಾರಿ ಬಸ್ಸು ಬಂದರೆ ಆ ಉಚಿತ ಪ್ರಯಾಣ ರೈಲಿನ ಬಾಗಿಲವರೆಗೆ ವಿಸ್ತರಿಸುತ್ತದೆ. ಬಾರದಿದ್ದರೆ ಶಕ್ತಿ ಯೋಜನೆಯ ಫಲಾನುಭವಿಯೂ ಟಂಟಂಗೆ ಹಣ ತೆರಬೇಕು.

ನಾಲ್ಕು ತಾಲ್ಲೂಕುಗಳಿಗೂ ಈ ಜೋಡಣೆಯ ರೂಪ ಬೇರೆ ಬೇರೆ. ಇಂಡಿ ಮತ್ತು ಬಾಗೇವಾಡಿಗಳಿಗೆ ಪಟ್ಟಣ–ನಿಲ್ದಾಣಗಳ ನಡುವೆ ರೈಲಿನ ಹೊತ್ತಿಗೆ ಓಡುವ ಚಿಕ್ಕ ಬಸ್ಸುಗಳು ಸಾಕು. ಮುದ್ದೇಬಿಹಾಳಕ್ಕೆ ಹತ್ತಿರದ ಹೆಬ್ಬಾಗಿಲು ಆಲಮಟ್ಟಿ. ಆಲಮಟ್ಟಿಯಿಂದ ಮುದ್ದೇಬಿಹಾಳದ ಮೂಲಕ ಯಾದಗಿರಿಗೆ ಹೊಸ ಹಳಿ ಬೇಕೆಂಬ ಬೇಡಿಕೆ ಬಹಳ ಹಳೆಯದು. ಅದು ಕೈಗೂಡುವ ದಿನಕ್ಕಾಗಿ ಕಾಯುತ್ತ ಕುಳಿತರೆ ಇನ್ನೊಂದು ತಲೆಮಾರು ಕಳೆದೀತು. ಅಲ್ಲಿಯವರೆಗೆ ಆಲಮಟ್ಟಿ ನಿಲ್ದಾಣದ ಅಂಗಳದಿಂದಲೇ ಮುದ್ದೇಬಿಹಾಳ, ತಾಳಿಕೋಟೆಗಳಿಗೆ ಬಸ್ಸು ಹೊರಡಲಿ. ಸಿಂದಗಿಯ ಸ್ಥಿತಿ ಎಲ್ಲಕ್ಕಿಂತ ಕಠಿಣ. ಅದಕ್ಕೆ ಸಮೀಪದ ದೊಡ್ಡ ನಿಲ್ದಾಣ ಸುಮಾರು 60 ಕಿ.ಮೀ. ದೂರದ ವಿಜಯಪುರ. ಮುಖ್ಯ ರೈಲುಗಳ ಹೊತ್ತಿಗೆ ಹೊಂದುವ ಸಿಂದಗಿ, ದೇವರ ಹಿಪ್ಪರಗಿ ಬಸ್ಸುಗಳು ಊರೊಳಗಿನ ಬಸ್ ನಿಲ್ದಾಣದಿಂದ ಹೊರಡುವ ಮುನ್ನ ರೈಲು ನಿಲ್ದಾಣಕ್ಕೆ ಬಂದು ಹೋಗುವಂತಾದರೆ ಸಾಕು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಇಂಡಿಯಿಂದ ವಿಜಯಪುರಕ್ಕೆ ನೇರ ಬಸ್ಸಿರುವಾಗ ಯಾರು ನಿಲ್ದಾಣಕ್ಕೆ ಹೋಗಿ ರೈಲು ಹಿಡಿದಾರು? ಆಕ್ಷೇಪ ನ್ಯಾಯವಾದುದೇ. ಹತ್ತಿರದ ಊರುಗಳ ನಡುವೆ ಬಸ್ಸೇ ಮೇಲು. ಅಲ್ಲಿ ರೈಲನ್ನು ಹೇರುವ ಅಗತ್ಯವಿಲ್ಲ. ಸಣ್ಣ ನಿಲ್ದಾಣದ ಬೆಲೆ ಇರುವುದು ದೂರದ ಪ್ರಯಾಣದಲ್ಲಿ: ಸೊಲ್ಲಾಪುರ, ಹುಬ್ಬಳ್ಳಿ, ಬೆಂಗಳೂರು, ಮಂಗಳೂರುಗಳ ದಾರಿಯಲ್ಲಿ. ಅಲ್ಲಿ ರೈಲಿನ ದರ ಬಸ್ಸಿನ ದರಕ್ಕಿಂತ ಬಹಳ ಕಡಿಮೆ. ಕುಟುಂಬ ಸಮೇತ ಗುಳೆ ಹೋಗುವವನಿಗೆ ಆ ವ್ಯತ್ಯಾಸವೇ ಹಲವು ದಿನಗಳ ಕೂಲಿ. ಊರಿನಿಂದ ನಿಲ್ದಾಣಕ್ಕೆ ದಾರಿಯಿಲ್ಲವೆಂಬ ಒಂದೇ ಕಾರಣಕ್ಕೆ ಆ ಉಳಿತಾಯ ಆತನ ಕೈತಪ್ಪುತ್ತದೆ.

ಗೋಡೆ, ಮಣ್ಣು, ನೀರು

ಸಂಪರ್ಕ ಮೊದಲೆಂದ ಮಾತ್ರಕ್ಕೆ ಕಟ್ಟಡ ಗೌಣವೆಂದು ಅರ್ಥವಲ್ಲ. ಹಳೆಯ ರೈಲ್ವೆ ಕಟ್ಟಡಗಳ ದಪ್ಪ ಗೋಡೆ, ಎತ್ತರದ ಮಾಡು, ಮೇಲ್ಗಿಂಡಿ, ಮುಂದಕ್ಕೆ ಚಾಚಿದ ನೆರಳುಗಳು ಈ ಸೀಮೆಯ ಬೇಸಿಗೆಯನ್ನು ಬಲ್ಲವರು ಮಾಡಿದ ಏರ್ಪಾಡುಗಳು. ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ಏಪ್ರಿಲ್–ಮೇ ತಿಂಗಳುಗಳಲ್ಲಿ ಗಾಜು ಮತ್ತು ತಗಡಿನ ಕಟ್ಟಡಕ್ಕೆ ತಂಪುಯಂತ್ರ ಬೇಕು. ದಪ್ಪ ಗೋಡೆಯ ಕೋಣೆಗೆ ತೆರೆದ ಕಿಟಕಿ ಸಾಕು. ಇದ್ದ ಗೋಡೆಯನ್ನು ಉಳಿಸಿಕೊಂಡರೆ ಹೊಸ ಸಿಮೆಂಟು, ಉಕ್ಕು, ಇಟ್ಟಿಗೆಗಳಿಗೆ ತಗಲುವ ಇಂಧನವೂ ಉಳಿಯುತ್ತದೆ.

ದುರಸ್ತಿಗೆ ಮಾತ್ರ ವಿವೇಕ ಬೇಕು. ಸುಣ್ಣದ ಗಾರೆಯಿಂದ ಕಟ್ಟಿದ ಗೋಡೆ ತನ್ನೊಳಗಿನ ತೇವವನ್ನು ಹೊರಗೆ ಬಿಡುತ್ತದೆ. ಅದರ ಸಂದುಗಳಿಗೆ ಸಿಮೆಂಟು ತುಂಬಿದರೆ ತೇವ ಒಳಗೇ ಉಳಿದು, ಲವಣಗಳು ಹರಳುಗಟ್ಟಿ, ಕಲ್ಲು ಇಟ್ಟಿಗೆಗಳ ಮೈ ಪುಡಿಯಾಗುತ್ತದೆ. ಸುಣ್ಣಕ್ಕೆ ಸುಣ್ಣವೇ ಮದ್ದು. ಇನ್ನು ನೆಲದ ಗುಣ. ವಿಜಯಪುರದ ಎರೆಮಣ್ಣಿನಲ್ಲಿರುವ ಜೇಡಿಯ ಕಣಗಳು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತವೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತವೆ. ಬೇಸಿಗೆಯ ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಕಂಡ ರೈತನಿಗೆ ಇದು ತಿಳಿದ ಸಂಗತಿ. ಅದೇ ಉಬ್ಬು–ಕುಗ್ಗು ಕಟ್ಟಡದ ಅಡಿಪಾಯವನ್ನೂ ಅಲುಗಿಸುತ್ತದೆ. ಗೋಡೆಯ ಬಿರುಕಿಗೆ ಬಣ್ಣ ಬಳಿಯುವ ಮುನ್ನ ಅದರ ಬುಡದಲ್ಲಿ ನೀರು ನಿಲ್ಲದಂತೆ ಚರಂಡಿ ಸರಿಪಡಿಸಬೇಕು.

ಮಾಡಿನ ಮೇಲೆ ಬೀಳುವ ನೀರಿನ ಲೆಕ್ಕವನ್ನೂ ಮಾಡಬಹುದು. ಕಟ್ಟಡ ಮತ್ತು ಪ್ಲಾಟ್‌ಫಾರ್ಮ್ ಚಾವಣಿಗಳು ಸೇರಿ 500 ಚದರ ಮೀಟರ್ ಇದೆಯೆಂದು ಭಾವಿಸೋಣ. ವರ್ಷಕ್ಕೆ 550 ಮಿಲಿಮೀಟರ್ ಮಳೆ ಬಂದು, ಅದರ ನೂರಕ್ಕೆ ಎಂಬತ್ತು ಭಾಗ ಸಂಗ್ರಹವಾದರೆ 2,20,000 ಲೀಟರ್ ನೀರು ದೊರೆಯುತ್ತದೆ. ದಿನಕ್ಕೆ 600 ಲೀಟರಿನಂತೆ ವರ್ಷವಿಡೀ ಶೌಚಾಲಯಕ್ಕೂ ಗಿಡಗಳಿಗೂ ಬಳಸಬಹುದಾದಷ್ಟು ಮೊತ್ತವದು. ಅರಣ್ಯ ನೂರರಲ್ಲಿ ಒಂದು ಭಾಗವೂ ಇಲ್ಲದ ಜಿಲ್ಲೆಯಲ್ಲಿ ನಿಲ್ದಾಣದ ಅಂಗಳದ ಬೇವು, ಹುಣಸೆ, ಆಲಗಳೇ ನಿಜವಾದ ತಂಗುದಾಣ. ಅವನ್ನು ಕಡಿದು ಹುಲ್ಲುಹಾಸು ಬೆಳೆಸುವ ಯೋಜನೆಯನ್ನು ಯಾರೇ ತಂದರೂ ಒಪ್ಪಬಾರದು.

ರೈತನ ಸರಕಿಗೂ ಅಲ್ಲೊಂದು ಜಾಗವಿರಲಿ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಇಂಡಿಯ ನಿಂಬೆ, ಈ ಸೀಮೆಯ ದ್ರಾಕ್ಷಿ, ದಾಳಿಂಬೆ, ತೊಗರಿ, ಡೋಣಿ ತೀರದ ಬಿಳಿಜೋಳಗಳು ಇಂದು ಬಹುಮಟ್ಟಿಗೆ ಲಾರಿಗಳಲ್ಲಿ ಹೊರಹೋಗುತ್ತವೆ. ಹಣ್ಣು ತರಕಾರಿಗಳನ್ನು ರೈಲಿನಲ್ಲಿ ದೂರಕ್ಕೆ ಸಾಗಿಸಬಹುದೆಂಬುದನ್ನು 2020ರ ಆಗಸ್ಟಿನಲ್ಲಿ ಆರಂಭವಾದ ಕಿಸಾನ್ ರೈಲು ತೋರಿಸಿಕೊಟ್ಟಿತ್ತು. ಇಂಡಿ ರೋಡಿನಲ್ಲಿ ನೆರಳಿನ ಪಾರ್ಸೆಲ್ ಕಟ್ಟೆಯೊಂದಿದ್ದು, ರೈಲು ಚೀಲ ಏರಿಸುವಷ್ಟು ಹೊತ್ತು ನಿಂತರೆ ಸಣ್ಣ ಹಿಡುವಳಿದಾರನೂ ನಾಲ್ಕು ಚೀಲ ನಿಂಬೆಯನ್ನು ದೂರದ ಮಾರುಕಟ್ಟೆಗೆ ಕಳಿಸಬಲ್ಲನು.

ಹೊಸ ಹಳಿಯ ಹಂಬಲ, ಹಳೆಯ ಹಳಿಯ ಮರೆವು

ರೈಲ್ವೆಯ ಬಗೆಗಿನ ಸಾರ್ವಜನಿಕ ಚರ್ಚೆ ಬಹುತೇಕ ಹೊಸ ಹಳಿಗಳ ಸುತ್ತಲೇ ತಿರುಗುತ್ತದೆ. ಪಶ್ಚಿಮ ಘಟ್ಟದ ದಟ್ಟಾರಣ್ಯವನ್ನು ಸೀಳುವ ಹುಬ್ಬಳ್ಳಿ–ಅಂಕೋಲಾ ಮಾರ್ಗದ ವಿವಾದ ದಶಕಗಳಿಂದ ಜೀವಂತವಾಗಿದೆ. ಅರಣ್ಯ ಉಳಿಯಬೇಕೆಂದು ವಾದಿಸುವವರನ್ನು ರೈಲಿನ ವಿರೋಧಿಗಳೆಂದು ಕರೆಯುವುದು ವಾಡಿಕೆಯಾಗಿದೆ. ಅದಕ್ಕೆ ತಕ್ಕ ಉತ್ತರ, ಇರುವ ಹಳಿಗಳನ್ನು ಪೂರ್ಣವಾಗಿ ಬಳಸಿಕೊಳ್ಳುವ ಕಾರ್ಯಕ್ರಮವನ್ನು ಮುಂದಿಡುವುದೇ ಆಗಿದೆ. ನೂರನಲವತ್ತು ವರ್ಷಗಳಿಂದ ಬಿದ್ದುಕೊಂಡಿರುವ ಹಳಿಯ ಪಕ್ಕದ ಊರುಗಳೇ ಇನ್ನೂ ರೈಲಿನಿಂದ ದೂರವಿರುವಾಗ, ಇನ್ನಷ್ಟು ಕಾಡು ಕಡಿದು ಇನ್ನಷ್ಟು ಹಳಿ ಹಾಸಿದರೆ ಸಂಪರ್ಕ ತಾನಾಗಿ ಬರುವುದೆಂದು ನಂಬಲು ಆಧಾರವೇನು? ಒಂದು ಮರವನ್ನೂ ಕಡಿಯದೆ, ಒಂದು ಎಕರೆ ಹೊಲವನ್ನೂ ಕಳೆದುಕೊಳ್ಳದೆ ನಾಲ್ಕು ತಾಲ್ಲೂಕುಗಳನ್ನು ರೈಲಿಗೆ ಹತ್ತಿರ ತರುವ ದಾರಿ ಇಲ್ಲಿದೆ.

ಆ ದಾರಿಯ ಮೊದಲ ಹೆಜ್ಜೆಗಳು ಜನರ ಕೈಯಲ್ಲಿಯೇ ಇವೆ. ನಿಲ್ದಾಣದ ಸುತ್ತಲಿನ ಗ್ರಾಮ ಪಂಚಾಯಿತಿಗಳು ಒಂದು ವಾರ ಕಾಲ ಯಾವ ರೈಲಿನಿಂದ ಎಷ್ಟು ಜನ ಇಳಿದರು, ಎಲ್ಲಿಗೆ ಹೋಗಬೇಕಾಗಿತ್ತು, ಹೇಗೆ ಹೋದರು, ಎಷ್ಟು ಹಣ ತೆತ್ತರು ಎಂಬುದನ್ನು ಬರೆದಿಡಲಿ. ಕಾಲೇಜು ವಿದ್ಯಾರ್ಥಿಗಳು ಈ ಕೆಲಸವನ್ನು ಸುಲಭವಾಗಿ ಮಾಡಬಲ್ಲರು. ಆ ಲೆಕ್ಕವನ್ನು ಗ್ರಾಮಸಭೆಯ ನಿರ್ಣಯದೊಡನೆ ಹುಬ್ಬಳ್ಳಿಯ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೂ ವಿಜಯಪುರದ ಸಾರಿಗೆ ವಿಭಾಗೀಯ ನಿಯಂತ್ರಣಾಧಿಕಾರಿಗಳಿಗೂ ಕಳಿಸಬೇಕು. ಎರಡು ಇಲಾಖೆಗಳ ಅಧಿಕಾರಿಗಳನ್ನು ವರ್ಷಕ್ಕೆರಡು ಬಾರಿ, ಹೊಸ ವೇಳಾಪಟ್ಟಿ ಹೊರಡುವ ಮುನ್ನ, ಒಂದೆಡೆ ಕೂರಿಸುವ ಹೊಣೆಯನ್ನು ಜಿಲ್ಲಾಧಿಕಾರಿಗಳು ವಹಿಸಬೇಕು. ಜೋಡಿಹಳಿಯ ನೆಪದಲ್ಲಿ ಹಳೆಯ ಕಟ್ಟಡಗಳನ್ನು ಕೆಡವುವ ಪ್ರಸ್ತಾಪ ಎಲ್ಲಿಯಾದರೂ ಇದ್ದರೆ ಊರಿನವರ ಅಭಿಪ್ರಾಯ ಕೇಳದೆ ಅದು ಮುಂದುವರಿಯಬಾರದು. ಜಿಲ್ಲೆಯ ಸಂಸದರೂ ಶಾಸಕರೂ ಹೊಸ ರೈಲಿನ ಬೇಡಿಕೆಯೊಡನೆ, ಈಗ ಬರುವ ರೈಲಿಗೆ ಒಂದು ಬಸ್ಸನ್ನೂ ಕೇಳಲಿ.

1884ರಲ್ಲಿ ಬರಗಾಲಕ್ಕೆ ಹೆದರಿದ ಸರಕಾರ ಈ ಹಳಿಯನ್ನು ಹಾಸಿತು. ಮಳೆಯ ಹದ ವರ್ಷದಿಂದ ವರ್ಷಕ್ಕೆ ತಪ್ಪುತ್ತಿರುವ ಈ ಕಾಲದಲ್ಲಿ ಬರವೂ ಗುಳೆಯೂ ಮತ್ತೆ ಮತ್ತೆ ಬರಲಿವೆ. ಊರು ಬಿಡಬೇಕಾದವನು ಗೌರವದಿಂದ ಹೊರಡಲು, ಮಳೆ ಬಿದ್ದೊಡನೆ ಬಿತ್ತನೆಗೆ ಸುಲಭವಾಗಿ ಮರಳಲು ಈ ನಿಲ್ದಾಣಗಳು ಸಜ್ಜಾಗಿರಬೇಕು. ‘ರೋಡ್’ ಎಂಬ ಪದ ಫಲಕದ ಮೇಲೆ ಹಾಗೆಯೇ ಇರಲಿ. ಆ ರಸ್ತೆಯ ಮೇಲೆ ರೈಲಿಗಾಗಿ ಕಾದು ನಿಂತ ಬಸ್ಸೊಂದು ಇರುವಂತೆ ನೋಡಿಕೊಳ್ಳುವ ಕೆಲಸ ಮುಂದಿನ ವೇಳಾಪಟ್ಟಿಯಿಂದಲೇ ಆರಂಭವಾಗಲಿ.